ಕೊಳದಲ್ಲಿ ಅಡಗಿದ ರಾಜ ಕೇಳಿದ ಪ್ರಶ್ನೆ

ಊರೂರು ನಾಟಕಗಳಲ್ಲಿ ಹೆಣ್ಣು ಪಾತ್ರ ಮಾಡುವುದು ನನ್ನ ಕಸುಬು. ನಮ್ಮ ಕಡೆ ಹಳ್ಳಿಯಲ್ಲಿ ಪೌರಾಣಿಕ ನಾಟಕ ಆಡುವಾಗ ಗಂಡು ಪಾತ್ರಗಳನ್ನೆಲ್ಲ ಊರಿನವರೇ ಹಂಚಿಕೊಳ್ಳುತ್ತಾರೆ. ರಾಣಿಗೋ ತಾಯಿಗೋ ಮಾತ್ರ ನಮ್ಮಂಥ ಹೆಂಗಸರನ್ನು ಚಳ್ಳಕೆರೆಯಿಂದ ಕರೆಸುತ್ತಾರೆ. ಹತ್ತೊಂಬತ್ತನೆಯ ವಯಸ್ಸಿನಿಂದ ಇದೇ ಕೆಲಸ. ಬಸ್ ಕಂಡಕ್ಟರೊಬ್ಬರಿಗೆ ರಾಣಿಯಾಗಿದ್ದೇನೆ, ಕುರಿ ವ್ಯಾಪಾರಿಯೊಬ್ಬರಿಗೆ ತಂಗಿಯಾಗಿದ್ದೇನೆ. ನನಗಿಂತ ಹನ್ನೆರಡು ವರ್ಷ ದೊಡ್ಡವರಾದ ಪಂಚಾಯ್ತಿ ಸದಸ್ಯರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, “ಕಂದಾ” ಎಂದು ಎದೆ ಬಡಿದುಕೊಂಡು ಅತ್ತಿದ್ದೇನೆ. ಯುದ್ಧ ಮುಗಿದ ಮೇಲೆ ತಾಯಿ ಅಳುವ ದೃಶ್ಯಕ್ಕೆ ನನ್ನ ಹೆಸರು ಸುತ್ತಮುತ್ತ ಪರಿಚಿತ. ಆ ಅಳುವಿನ ಹಾಡಿಗೆ ಒನ್ಸ್ ಮೋರ್ ಬೀಳದ ನಾಟಕವನ್ನು ನಾನು ಕಂಡಿರಲಿಲ್ಲ.

ಕೊರೊನಾ ಬಂದಾಗ ಎಲ್ಲಕ್ಕಿಂತ ಮೊದಲು ನಿಂತದ್ದು ನಾಟಕ. ಎಲ್ಲಕ್ಕಿಂತ ಕೊನೆಗೆ ಶುರುವಾದದ್ದೂ ನಾಟಕವೇ. ಆ ದಿನಗಳಲ್ಲಿ ನಾನು ಎಣ್ಣೆ ಮಿಲ್ಲೊಂದರಲ್ಲಿ ಶೇಂಗಾ ಆರಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಮೂಗಿಗೆ ಸೆರಗು ಕಟ್ಟಿಕೊಂಡು ಕಾಳು ಆರಿಸುತ್ತಾ ಕೂತಾಗ ನನಗೊಂದು ವಿಷಯ ಮನದಟ್ಟಾಗಿತ್ತು: ಜನಕ್ಕೆ ಆಪತ್ತು ಬಂದರೆ ನಮ್ಮ ನೆನಪು ಆಗುವುದಿಲ್ಲ. ಅಕ್ಕಿ, ಔಷಧಿ, ಬಸ್ಸು ಎಲ್ಲ ನೆನಪಾಗುತ್ತದೆ, ರಾಣಿ ನೆನಪಾಗುವುದಿಲ್ಲ. ಇದರಲ್ಲಿ ಬೇಸರ ಪಡುವಂಥದ್ದೇನೂ ಇರಲಿಲ್ಲ. ಇದ್ದದ್ದೇ ಹಾಗೆ ಎಂದುಕೊಂಡಿದ್ದೆ.

ಆ ತಿಳುವಳಿಕೆ ತಪ್ಪೋ ಸರಿಯೋ ಎಂದು ಅನುಮಾನ ಬಂದದ್ದು ಮೊಳಕಾಲ್ಮೂರಿನ ಹತ್ತಿರದ ಒಂದು ನೇಕಾರರ ಊರಿನಲ್ಲಿ.

ಅದು ರೇಷ್ಮೆ ಸೀರೆ ನೇಯುವ ಮನೆಗಳ ಊರು. ಮನೆಯೊಳಗೆ ತೆಲುಗು, ಹೊರಗೆ ಕನ್ನಡ, ಮಗ್ಗದ ಮುಂದೆ ಎರಡೂ. ಮನೆಯ ನಡುವೆ ನೆಲದಲ್ಲಿ ಸೊಂಟದ ಆಳದ ಗುಂಡಿ ತೋಡಿ, ಅದರ ಮೇಲೆ ಮಗ್ಗ ಹೂಡಿರುತ್ತಾರೆ. ನೇಯುವವರು ಗುಂಡಿಯ ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಆ ವರ್ಷ ಅಲ್ಲಿನವರು ನಾಟಕ ಹಿಡಿದಿದ್ದರು. ಕಲಿಸುತ್ತಿದ್ದವರು ಚಳ್ಳಕೆರೆಯ ಹಾರ್ಮೋನಿಯಂ ಮೇಷ್ಟ್ರು. ಎಪ್ಪತ್ತು ದಾಟಿದ ಅವರ ಕೈಕೆಳಗೆ ನಾನು ನೂರಾರು ಆಟ ಆಡಿದ್ದೇನೆ. ನಾಟಕದ ಮುಖ್ಯ ಪಾತ್ರ, ಯುದ್ಧದಲ್ಲಿ ಎಲ್ಲರನ್ನೂ ಕಳೆದುಕೊಂಡು ಕೊನೆಗೆ ಕೊಳದ ನೀರಿನೊಳಗೆ ಅಡಗಿ ಕೂರುವ ರಾಜನದು. ಅದನ್ನು ಮಾಡುತ್ತಿದ್ದವರು ನಲವತ್ತೈದರ ನೇಕಾರರೊಬ್ಬರು. ಮೈಯಲ್ಲಿ ಮಾಂಸವಿಲ್ಲ, ದನಿ ಮಾತ್ರ ದೇವಸ್ಥಾನದ ಗಂಟೆ. ನಾನು ಅವರ ರಾಣಿ, ಕೊನೆಗೆ ಅವರ ತಾಯಿಯೂ ನಾನೇ.

ನಾಟಕಕ್ಕೆ ಎರಡು ಭಾನುವಾರ ಮುಂಚೆಯೇ ತಾಲೀಮಿಗೆ ಹೋಗಿದ್ದೆ. ಆ ರಾಜ ಒಂದು ಮಾತನ್ನೂ ತಪ್ಪಲಿಲ್ಲ. ಪುಸ್ತಕ ಹಿಡಿದು ಕೂತದ್ದನ್ನೂ ನಾನು ನೋಡಲಿಲ್ಲ.

“ಹೆಂಗೆ ಕಲಿತ್ರಿ ಇಷ್ಟೊಂದು?” ಎಂದು ಕೇಳಿದೆ.

“ಮಗ್ಗದ ಮ್ಯಾಲೆ ಅಕ್ಕಾರೆ,” ಎಂದರು. “ಒಂದು ಸಾಲಿಗೆ ನಾಕು ಸಲ ಲಾಳಿ ಹೊಡೀತೀನಿ. ಹಾಡಾದ್ರೆ ಎಂಟು. ಕಾಲು ತುಳಿದ್ರೆ ಮಾತು ತಾನೇ ಬರ್ತೈತೆ.”

ಅಂದು ತಾಲೀಮು ನೋಡಲು ಒಬ್ಬ ಅಜ್ಜಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುವ ರಾಟೆಯನ್ನೇ ತಂದುಕೊಂಡು ಕೂತಿದ್ದಳು. ಕೈ ರಾಟೆಯ ಮೇಲೆ, ಕಣ್ಣು ನಮ್ಮ ಮೇಲೆ. ಯಾರಾದರೂ ಮಾತು ಮರೆತರೆ ಮೇಷ್ಟ್ರಿಗಿಂತ ಮೊದಲು ಅವಳೇ ಹೇಳಿಕೊಡುತ್ತಿದ್ದಳು. ನಾನು ಸೆರಗನ್ನು ಎಡಗೈಯಲ್ಲಿ ಹಿಡಿದೆನೆಂದು ನನಗೂ ಬೈದಳು.

ನಾಟಕಕ್ಕೆ ಹತ್ತು ದಿನ ಇರುವಾಗ ಮಳೆ ಬಂತು. ನಮ್ಮದು ಮೋಡ ನೋಡಿ ನೋಡಿ ಕತ್ತು ನೋಯುವ ಸೀಮೆ. ಅಲ್ಲಿ ನೀರೇ ಆಪತ್ತಾಗಿ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಮೂರು ದಿನ ಬಿಡದೆ ಸುರಿದು, ಊರ ಮೇಲಿನ ಕಟ್ಟೆಯೊಂದು ಒಡೆದು, ನೀರು ನೇರವಾಗಿ ನೇಕಾರರ ಬೀದಿಗೆ ನುಗ್ಗಿತು. ಮಗ್ಗದ ಗುಂಡಿಗಳು ಬಾವಿಗಳಾದವು. ಮಗ್ಗಕ್ಕೆ ಹೂಡಿದ್ದ ರೇಷ್ಮೆ ಎಳೆಗಳ ಹಾಸುಗಳು ಕೆಸರಿನಲ್ಲಿ ನೆನೆದು ಹೋದವು. ಮಣ್ಣಿನ ಗೋಡೆಗಳು ಕುಸಿದು ಕೂತವು. ಅಂಥ ಒಂದು ಗೋಡೆಯ ಕೆಳಗೆ ರಾಟೆಯ ಅಜ್ಜಿ ತೀರಿಹೋದಳು.

ಸುದ್ದಿ ಕೇಳಿ ನಾನು ಪೆಟ್ಟಿಗೆಯಿಂದ ತೆಗೆದಿಟ್ಟಿದ್ದ ಕಿರೀಟ, ಜಡೆ, ಸರಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟೆ. ನಾಟಕ ನಿಂತಿತು ಎನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇರಲಿಲ್ಲ. ಐದನೆಯ ದಿನ ಮೇಷ್ಟ್ರ ಫೋನು ಬಂತು.

“ತಾಯಿ, ಹೊರಡೋಕೆ ರೆಡಿ ಮಾಡ್ಕ. ಆಟ ಐತಂತೆ.”

“ಏನ್ ಮೇಷ್ಟ್ರೇ, ಊರೇ ಕೊಚ್ಚಿಹೋಗೈತೆ ಅಂತಾರೆ?”

“ನಂಗೂ ತಿಳೀವಲ್ದು. ಅವ್ರೇ ಮಾಡ್ತೀವಿ ಅಂತವ್ರೆ. ಹೋಗಿ ನೋಡಾನ ನಡಿ.”

ಹೋಗಿ ನೋಡುವ ಆಸೆ ನನಗೆ ಹುಟ್ಟಿದ್ದು ನಿಜ. ಅದು ಕನಿಕರಕ್ಕಿಂತ ಕುತೂಹಲವೇ ಆಗಿತ್ತು. ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಕೂಡಲು ಚಾಪೆ ಒಣಗದ ಊರಿನಲ್ಲಿ ರಾಜನ ವೇಷ ಹಾಕಿ ಏನು ಮಾಡುತ್ತಾರೆ ಇವರು?

ನಾವು ಹೋದಾಗ ಊರು ತುಂಬ ಹಸಿ ಮಣ್ಣಿನ ವಾಸನೆ. ಪ್ರತಿ ಬಾಗಿಲಿನಿಂದಲೂ ಹೆಂಗಸರು ಬುಟ್ಟಿಯಲ್ಲಿ ಕೆಸರು ತಂದು ಬೀದಿಗೆ ಸುರಿಯುತ್ತಿದ್ದರು. ಹಗ್ಗದ ಮೇಲೆ ಬಟ್ಟೆಯ ಬದಲು ರೇಷ್ಮೆಯ ಎಳೆಗಳು ಒಣಗುತ್ತಿದ್ದವು. ಬಣ್ಣ ಒಂದಕ್ಕೊಂದು ಹತ್ತಿ ಯಾವುದು ಹಸಿರು, ಯಾವುದು ಕೆಂಪು ಗೊತ್ತಾಗುತ್ತಿರಲಿಲ್ಲ. ಶಾಲೆಯ ಕೊಠಡಿಗಳಲ್ಲಿ ಹತ್ತು ಹನ್ನೆರಡು ಸಂಸಾರಗಳು ಇದ್ದವು.

ಶಾಲೆಯ ಜಗಲಿಯಲ್ಲಿ ಹಿರಿಯರು ಸೇರಿದ್ದರು. ನಮ್ಮನ್ನು ಕರೆಸಿದ್ದರೂ ನಾಟಕ ಬೇಕೋ ಬೇಡವೋ ಎಂಬ ಮಾತು ಇನ್ನೂ ಮುಗಿದಿರಲಿಲ್ಲ. ಒಬ್ಬರು, “ಸಾವಾಗಿರೋ ಊರಾಗೆ ಬಣ್ಣ ಹಚ್ಕಂಡ್ರೆ ಜನ ಉಗೀತಾರೆ,” ಎಂದರು. ಇನ್ನೊಬ್ಬರು, “ಮುಂದಿನ ವರ್ಷ ನೋಡಾನ,” ಎಂದರು. ಕೊನೆಗೆ ತೀರಿಹೋದ ಅಜ್ಜಿಯ ಸೊಸೆಯನ್ನು ಕರೆಸಿದರು. ಅವಳು ಬುಟ್ಟಿ ಕೆಳಗಿಟ್ಟು, ಕೆಸರಿನ ಕೈಯನ್ನು ಹಿಂದೆ ಕಟ್ಟಿಕೊಂಡು ನಿಂತಳು.

“ನಿನ್ ಮನೇಲಿ ಸೂತಕ ಐತೆ. ನೀನು ಬ್ಯಾಡ ಅಂದ್ರೆ ಇಲ್ಲ,” ಎಂದರು ಹಿರಿಯರು.

“ನಮ್ಮತ್ತೆ ಮನೆ ಕೆಲಸ ಬಿಟ್ಟು ದಿನಾ ನಿಮ್ಮ ತಾಲೀಮಿಗೆ ಬಂದು ಕೂರೋಳು,” ಎಂದಳು ಅವಳು. “ಅದಕ್ಕೇ ನಾನೂ ಅವಳೂ ಎಷ್ಟು ಜಗಳ ಆಡಿದೀವೋ. ಈಗ ನೀವು ಆಟಾನೇ ಬಿಟ್ರೆ ಅವಳು ಅಷ್ಟು ದಿನ ಕೂತಿದ್ದು ಯಾತಕ್ಕೆ? ಮಾಡ್ರಿ. ಆದ್ರೆ ರಾತ್ರಿ ಬ್ಯಾಡ. ಕತ್ತಲಾದ್ರೆ ಊರಿನ ಹುಡುಗ್ರು ಹೆದರ್ತಾವೆ.”

ಅಷ್ಟು ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು. ಕರೆಂಟಿನ ಕಂಬಗಳೂ ಬಿದ್ದಿದ್ದವು. ಹೀಗೆ ಹಗಲು ನಾಟಕವೆಂದು ತೀರ್ಮಾನವಾಯಿತು. ನಾನು ಅಲ್ಲಿಯವರೆಗೆ ಹಗಲಲ್ಲಿ ಬಣ್ಣ ಹಚ್ಚಿರಲಿಲ್ಲ.

ಆಮೇಲೆ ಎದುರಾದ ತೊಂದರೆಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ರಾಜನಿಗೆ ಮಾತು ಮರೆತುಹೋಗಿತ್ತು. ತಾಲೀಮಿಗೆ ನಿಲ್ಲಿಸಿದರೆ ಎರಡು ಸಾಲು ಹೇಳಿ ಮೂರನೆಯದಕ್ಕೆ ಬಾಯಿ ಬಿಟ್ಟುಕೊಂಡು ನಿಲ್ಲುತ್ತಿದ್ದರು. ಮೇಷ್ಟ್ರು ಮೊದಲು ಗದರಿದರು, ಆಮೇಲೆ ಬೇಡಿಕೊಂಡರು. ಹಾಡಿನ ಧಾಟಿ ಬರುತ್ತಿತ್ತು, ಪದ ಬರುತ್ತಿರಲಿಲ್ಲ.

“ಕಾಲಿಗೆ ಏನೂ ಸಿಗವಲ್ದು ಮೇಷ್ಟ್ರೇ,” ಎಂದರು ಅವರು. ಯಾರಿಗೂ ಅರ್ಥವಾಗಲಿಲ್ಲ. ನನಗೆ ಮಾತ್ರ ಆ ಭಾನುವಾರದ ಮಾತು ನೆನಪಿತ್ತು. ಅದನ್ನು ಮೇಷ್ಟ್ರಿಗೆ ಹೇಳಿದೆ.

ಎಲ್ಲರೂ ರಾಜನ ಮನೆಗೆ ಹೋದೆವು. ಮಗ್ಗ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಗುಂಡಿಯಲ್ಲಿ ಮೊಣಕಾಲಿನವರೆಗೆ ಕೆಸರಿತ್ತು. ಮೇಷ್ಟ್ರು, “ಇಳೀರಿ,” ಎಂದರು. ರಾಜ ಹೆಂಡತಿಯ ಮುಖ ನೋಡಿದರು. ಆಕೆ ನಗು ತಡೆದುಕೊಂಡು ತಲೆಯಾಡಿಸಿದರು. ಅವರು ಪಂಚೆ ಮೇಲೆ ಕಟ್ಟಿ, ಗುಂಡಿಯ ಅಂಚಿನಲ್ಲಿ ಕೂತು, ಕಾಲನ್ನು ಕೆಸರಿಗೆ ಇಳಿಬಿಟ್ಟರು. ತುಳಿಯಲು ಹಲಗೆ ಇರಲಿಲ್ಲ. ಕೆಸರನ್ನೇ ತುಳಿದರು. ಬಲಗೈ ಇಲ್ಲದ ಲಾಳಿಯ ಹಗ್ಗವನ್ನು ಗಾಳಿಯಲ್ಲಿ ಎಳೆಯಿತು. ಒಂದೆರಡು ನಿಮಿಷ ಬರೀ ಪಚ್ ಪಚ್ ಸದ್ದು. ಆಮೇಲೆ ಒಂದು ಸಾಲು ಬಂತು. ಅದರ ಹಿಂದೆ ಇನ್ನೊಂದು. ಮೇಷ್ಟ್ರು ಹಾರ್ಮೋನಿಯಂ ತರಿಸಿ ಅಲ್ಲೇ ನೆಲದ ಮೇಲೆ ಕೂತು ನುಡಿಸಿದರು. ಎರಡು ಮಧ್ಯಾಹ್ನ ನಮ್ಮ ತಾಲೀಮು ಆ ಮನೆಯಲ್ಲೇ ನಡೆಯಿತು. ಹೆಂಗಸರು ಬಾಗಿಲಲ್ಲಿ ನಿಂತು ನೋಡಿ, ಮತ್ತೆ ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದರು. ಆದರೆ ಕೊಳದೊಳಗೆ ಕೂತು ಹಾಡುವ ಹಾಡೊಂದು ಮಾತ್ರ ಎಷ್ಟು ತುಳಿದರೂ ಪೂರ್ತಿ ಬರಲಿಲ್ಲ.

ನಾಟಕದ ದಿನ ಶಾಲೆಯ ಬಯಲಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಪರದೆ ಎದ್ದಿತು. ಲೈಟು ಇಲ್ಲ, ಮೈಕು ಇಲ್ಲ. ಬಿಸಿಲಿನಲ್ಲಿ ನಮ್ಮ ಬಣ್ಣವೆಲ್ಲ ಗೋಡೆಗೆ ಬಳಿದ ಹಾಗೆ ಕಾಣುತ್ತಿತ್ತು. ಕಿರೀಟದ ತಗಡು ತಗಡಾಗಿಯೇ ಕಾಣುತ್ತಿತ್ತು. ಆದರೆ ನನಗೆ ವಿಚಿತ್ರವೆನಿಸಿದ್ದು ಬೇರೆ. ರಾತ್ರಿ ನಾಟಕದಲ್ಲಿ ಲೈಟಿನ ಎದುರು ನಿಂತವರಿಗೆ ಮುಂದೆ ಬರೀ ಕತ್ತಲು. ಆ ಕತ್ತಲಿನಿಂದ ಸದ್ದು ಮಾತ್ರ ಬರುತ್ತದೆ. ಅಷ್ಟು ವರ್ಷ ನಾನು ಕತ್ತಲಿಗೇ ಅತ್ತಿದ್ದೆ. ಅಂದು ಮೊದಲ ಸಲ ಮುಖಗಳು ಕಂಡವು. ಒಬ್ಬಳು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಮುದುಕರೊಬ್ಬರು ರಾಜನ ಮಾತಿಗೆಲ್ಲ ಬಾಯಾಡಿಸುತ್ತಿದ್ದರು. ಅಜ್ಜಿಯ ಸೊಸೆ ಎರಡನೆಯ ಸಾಲಿನಲ್ಲಿ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಸೂತಕದವಳೆಂದು ಯಾರೂ ದೂರ ಕೂರಿಸಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕೊಳದ ದೃಶ್ಯ ಬಂತು. ನಮ್ಮ ನಾಟಕಗಳಲ್ಲಿ ಕೊಳ ಎಂದರೆ ಉದ್ದನೆಯ ನೀಲಿ ಬಟ್ಟೆ. ಆ ಬದಿ ಈ ಬದಿ ಇಬ್ಬರು ಹಿಡಿದು ಅಲೆಯ ಹಾಗೆ ಅಲ್ಲಾಡಿಸುತ್ತಾರೆ. ರಾಜ ಅದರ ಹಿಂದೆ ಕುಕ್ಕರುಗಾಲಲ್ಲಿ ಕೂರುತ್ತಾನೆ. ರಾಣಿ ದಡಕ್ಕೆ ಬಂದು ಕರೆಯುತ್ತಾಳೆ, ಅವನು ನೀರೊಳಗಿಂದ ಹಾಡುತ್ತಾನೆ.

ನೀಲಿ ಬಟ್ಟೆ ಅಲ್ಲಾಡತೊಡಗಿದ ಕೂಡಲೇ ಮುಂದಿನ ಸಾಲಿನ ಒಂದು ಮಗು ಕಿಟಾರನೆ ಕಿರುಚಿತು. ತಾಯಂದಿರು ಮಕ್ಕಳನ್ನು ಹತ್ತಿರ ಎಳೆದುಕೊಂಡರು. ಹಿಂದೆ ಒಂದಿಬ್ಬರು ಎದ್ದೇ ನಿಂತರು. ಇದು ಬಟ್ಟೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರ ಮುಖದಲ್ಲೂ ಅದು ಬಟ್ಟೆಯಾಗಿರಲಿಲ್ಲ. ನಾನು ಹೆದರಿದೆ. ಎಂಥ ತಪ್ಪು ಮಾಡಿದೆವು, ಈ ದೃಶ್ಯವನ್ನು ಕಿತ್ತುಹಾಕಬೇಕಿತ್ತಲ್ಲ ಎನಿಸಿತು. ಹೇಗೋ ನನ್ನ ಮಾತು ಮುಗಿಸಿ, “ಮೇಲೆದ್ದು ಬನ್ನಿ ಪ್ರಭೂ,” ಎಂದೆ.

ರಾಜನ ಹಾಡು ಬರಲಿಲ್ಲ. ಮೇಷ್ಟ್ರು ಧಾಟಿ ನುಡಿಸಿದರು. ಮತ್ತೆ ನುಡಿಸಿದರು. ಮೂರನೆಯ ಸಲಕ್ಕೆ ನೀಲಿ ಬಟ್ಟೆಯ ಮೇಲೆ ಮೊದಲು ಕಿರೀಟ, ಆಮೇಲೆ ಎರಡು ಕಣ್ಣು ಕಂಡವು. ಅವರು ನನ್ನ ಕಡೆ ನೋಡಲಿಲ್ಲ. ಜನರ ಕಡೆ ನೋಡಿ, ಸಣ್ಣ ದನಿಯಲ್ಲಿ, ಯಾವ ರಾಜನೂ ರಂಗದ ಮೇಲೆ ಆಡದ ತಮ್ಮ ಮನೆಯ ತೆಲುಗಿನಲ್ಲಿ ಕೇಳಿದರು:

“ನೀಳ್ಳು ಪೋಯಿನಾಯಾ?”

ನೀರು ಹೋಯಿತೇ ಎಂದು.

ಎರಡನೆಯ ಸಾಲಿನಿಂದ ಅಜ್ಜಿಯ ಸೊಸೆ ಅಷ್ಟೇ ಸಹಜವಾಗಿ, ಅಂಗಳದಿಂದ ಗಂಡನಿಗೆ ಕೂಗುವಂತೆ ಕೂಗಿದಳು:

“ಪೋಯಿನಾಯಿ. ಲೇಚಿ ರಾ!”

ಹೋಯಿತು, ಎದ್ದು ಬಾ.

ಒಬ್ಬರು ನಕ್ಕರು. ಇನ್ನೊಬ್ಬರು ನಕ್ಕರು. ಆಮೇಲೆ ಇಡೀ ಬಯಲು. ಬಟ್ಟೆ ಹಿಡಿದಿದ್ದವರೂ ನಕ್ಕು ಕೊಳವೇ ನೆಲಕ್ಕೆ ಬಿತ್ತು. ರಾಜ ಕುಕ್ಕರುಗಾಲಲ್ಲಿ ಬಯಲಾಗಿ ಕೂತಿದ್ದರು. ನಾನು ರಾಣಿ, ಸುಮ್ಮನೆ ನಿಲ್ಲುವಂತಿರಲಿಲ್ಲ. ಬಾಯಿಗೆ ಬಂದದ್ದನ್ನು ನಾಟಕದ ಧಾಟಿಯಲ್ಲೇ ಹೇಳಿದೆ: “ಪ್ರಾಣಕಾಂತಾ, ನೀರೇನೋ ಹೋಯಿತು. ಕೆಸರು ಉಳಿದಿದೆ. ದಯಮಾಡಿ ಬಂದು ಎತ್ತಿಹಾಕುವಂಥವರಾಗಿ.”

ಹೆಂಗಸರು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ನಗುತ್ತ ನಗುತ್ತಲೇ ಕೆಲವರ ಮುಖ ಬೇರೆಯಾದದ್ದನ್ನು ನಾನು ನೋಡಿದೆ. ಒಬ್ಬಳು ಪಕ್ಕದವಳ ಹೆಗಲಿಗೆ ತಲೆ ಕೊಟ್ಟು ಅಲುಗಾಡುತ್ತಿದ್ದಳು. ಅದು ನಗುವೋ ಅಳುವೋ ಅವಳಿಗೂ ತಿಳಿದಿರಲಾರದು. ಅಜ್ಜಿಯ ಸೊಸೆ ಅಳುತ್ತಿದ್ದಳು, ಮುಚ್ಚಿಕೊಳ್ಳದೆ, ಎಲ್ಲರ ಎದುರಿಗೆ. ಆಗ ರಾಜ ಎದ್ದು ನಿಂತು ಆ ಹಾಡನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದು ಪದ ತಪ್ಪದೆ ಹಾಡಿದರು. ಎರಡು ಸಲ ಒನ್ಸ್ ಮೋರ್ ಆಯಿತು.

ಇನ್ನೊಂದನ್ನೂ ಹೇಳಬೇಕು. ಕೊನೆಗೆ ರಾಜ ಸತ್ತು, ನಾನು ತಾಯಿಯಾಗಿ ಬಂದು ನನ್ನ ಹೆಸರಾಂತ ಅಳುವನ್ನು ಅತ್ತೆ. ಒನ್ಸ್ ಮೋರ್ ಬೀಳಲಿಲ್ಲ. ಜನ ಮರ್ಯಾದೆಯಿಂದ ಕೇಳಿದರು, ಅಷ್ಟೇ. ಒಬ್ಬಳು ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಅವರ ಅಳು ಆಗಲೇ ಮುಗಿದಿತ್ತು. ನನ್ನ ಜಂಬಕ್ಕೆ ಸ್ವಲ್ಪ ಪೆಟ್ಟು ಬಿತ್ತು, ಸುಳ್ಳು ಹೇಳಲಾರೆ.

ಸಂಜೆ ಶಾಲೆಯ ನಲ್ಲಿಯ ಹತ್ತಿರ ರಾಜ ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ನಿಜ ಹೇಳ್ರಿ. ಮಾತು ಮರ್ತು ಹಂಗಂದ್ರಾ, ಬೇಕಂತ ಅಂದ್ರಾ?”

ಅವರು ಮುಖ ಉಜ್ಜುತ್ತಲೇ ಹೇಳಿದರು:

“ಮರ್ತಿದ್ದು ದಿಟ ಅಕ್ಕಾರೆ. ಆ ಬಟ್ಟೆ ಮಖಕ್ಕೆ ಬಂದು ಬಡೀತಿತ್ತು. ಅವತ್ತು ರಾತ್ರಿ ನೀರು ಬಂದಾಗ ನಾವು ಅಟ್ಟ ಹತ್ತಿದ್ವಿ. ಕೆಳಗೆ ಏನೂ ಕಾಣದು. ಪಕ್ಕದ ಮನೆಯೋರ್ನ ಹಿಂಗೇ ಕೂಗಿ ಕೇಳಿದ್ದೆ, ನೀಳ್ಳು ಪೋಯಿನಾಯಾ ಅಂತ. ಎಷ್ಟು ಸಲ ಕೇಳಿದ್ನೋ. ಯಾರೂ ಜವಾಬು ಕೊಡ್ಲಿಲ್ಲ.” ಎಣ್ಣೆಯ ಬಟ್ಟೆಯನ್ನು ಮಡಚಿದರು. “ಇವತ್ತು ಕೊಟ್ರು ನೋಡ್ರಿ.”

ಪಕ್ಕದ ಮನೆ ಆ ಅಜ್ಜಿಯದು ಎಂದು ನನಗೆ ಆಮೇಲೆ ಗೊತ್ತಾಯಿತು. ನೀರು ಬಂದ ರಾತ್ರಿ ಸೊಸೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಳಂತೆ.

ಎರಡು ತಿಂಗಳ ಮೇಲೆ ಒಂದು ಕೆಲಸಕ್ಕೆ ಮೊಳಕಾಲ್ಮೂರಿಗೆ ಹೋದವಳು ಆ ಊರಿಗೂ ಹೋಗಿ ಬಂದೆ. ಮುಕ್ಕಾಲು ಮನೆಗಳಲ್ಲಿ ಮಗ್ಗದ ಸದ್ದು ಶುರುವಾಗಿತ್ತು. ಗುಂಡಿಯ ಸುತ್ತ ಎರಡು ಸಾಲು ಇಟ್ಟಿಗೆ ಕಟ್ಟಿಕೊಂಡಿದ್ದರು. ಇಬ್ಬರು ಮಾತ್ರ ಮಗ್ಗ ಬಿಟ್ಟು ರಾಜ್ಯದ ಗಡಿಯಾಚೆ ಪ್ಯಾಂಟು ಹೊಲಿಯುವ ಕೆಲಸಕ್ಕೆ ಹೋಗಿದ್ದರು. ನಾಟಕ ಯಾರ ಮಗ್ಗವನ್ನೂ ಮತ್ತೆ ಹೂಡಿಕೊಟ್ಟಿರಲಿಲ್ಲ. ಅದು ಕೊಟ್ಟದ್ದೇನೆಂದು ನಾನು ಅಜ್ಜಿಯ ಸೊಸೆಯನ್ನು ಕೇಳಿದೆ. ಅವಳು ಈಗ ರಾಟೆಯ ಮುಂದೆ ಕೂರುತ್ತಿದ್ದಳು.

“ಅದೆಲ್ಲ ನಂಗೇನು ಗೊತ್ತು,” ಎಂದಳು. “ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ. ಅತ್ತೆ ಹೋದ ಮ್ಯಾಲೆ ಅದೇ ಮೊದಲು.”

ಅದಾದ ಮೇಲೆ ನಾನೊಂದು ಪೆದ್ದು ಕೆಲಸ ಮಾಡಿದೆ. ಪರಶುರಾಂಪುರದ ಕಡೆಯ ಒಂದು ಊರಿನಿಂದ ಅದೇ ನಾಟಕಕ್ಕೆ ಕರೆ ಬಂತು. ಅಲ್ಲಿನ ರಾಜ ಒಬ್ಬ ಟ್ರ್ಯಾಕ್ಟರ್ ಡ್ರೈವರ್. ಅವರಿಗೆ ಆ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿಕೊಟ್ಟೆ. ಅವರು ಕೊಳದಿಂದ ತಲೆಯೆತ್ತಿ, “ನೀರು ಹೋತಾ?” ಎಂದರು. ಯಾರೂ ನಗಲಿಲ್ಲ. ಒಬ್ಬರು ಹಿಂದಿನಿಂದ, “ಲೇ, ಮಾತು ಮರ್ತವ್ನೆ, ಹೇಳಿಕೊಡ್ರಿ,” ಎಂದು ಕೂಗಿದರು. ಮೇಷ್ಟ್ರು ನನ್ನನ್ನು ಸಿಟ್ಟಿನಿಂದ ನೋಡಿದರು. ಆ ಊರಿಗೆ ನೀರು ಬಂದೇ ಇರಲಿಲ್ಲ, ಹೋಗುವುದೇನು? ಬಸ್ಸಿನಲ್ಲಿ ಬರುವಾಗ ಮೇಷ್ಟ್ರು, “ಒಬ್ರ ಗಾಯಕ್ಕೆ ಅರೆದ ಔಷಧೀನ ಇನ್ನೊಬ್ರಿಗೆ ಹಚ್ಚೋಕೋಗ್ಬ್ಯಾಡ ತಾಯಿ,” ಎಂದರು. ಆ ಬೈಗುಳ ನನಗೆ ಪಾಠವಾಯಿತು.

ಈಗ ನಾನು ಹೊಸ ಊರಿಗೆ ಹೋದರೆ ಬಣ್ಣದ ಪೆಟ್ಟಿಗೆ ಇಳಿಸುವ ಮೊದಲು ಒಂದು ಸುತ್ತು ಹಾಕಿ ಮಾತಾಡಿಸುತ್ತೇನೆ. ಈ ವರ್ಷ ನಿಮ್ಮೂರಾಗೆ ಏನಾತು ಎಂದು ಕೇಳುತ್ತೇನೆ. ಕೆಲವರು ಹೇಳುತ್ತಾರೆ, ಕೆಲವರು ಏನೂ ಇಲ್ಲ ಎನ್ನುತ್ತಾರೆ.

ಕಳೆದ ಬೇಸಿಗೆಯಲ್ಲಿ ವರವು ಕಾವಲಿನ ಪಕ್ಕದ ಊರಿನಲ್ಲಿ ನಾಟಕವಿತ್ತು. ತಲೆಮಾರುಗಳಿಂದ ಕುರಿ ಮೇಯಿಸಿದ ಆ ಹುಲ್ಲುಗಾವಲಿಗೆ ಈಗ ಉದ್ದಕ್ಕೂ ಸರ್ಕಾರದ ಗೋಡೆ, ಕುರಿ ಒಳಗೆ ಬಿಡುವಂತಿಲ್ಲ. ಕಟ್ಟೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಒಬ್ಬ ತಾತನನ್ನು ಕೇಳಿದೆ.

“ಏನಾಗೈತವ್ವ, ಏನೂ ಆಗಿಲ್ಲ,” ಎಂದರು. “ಮಳೆ ಚೆನ್ನಾಗಿತ್ತು. ಕುರಿ ಅರ್ಧ ಮಾರಿದ್ವಿ. ಅಷ್ಟೇಯ.”

ನಾನು ಏಳುವಷ್ಟರಲ್ಲಿ ಕರೆದರು.

“ಅವ್ವಾ, ನಿಮ್ಮ ನಾಟಕದಾಗೆ ರಾಜ ಬ್ಯಾಟೆಗೆ ಹೋಗೋ ಸೀನು ಬರ್ತದಲ್ಲ, ಕಾಡಿನ ಪರದೆ ಬಿಡ್ತೀರಿ. ಅದನ್ನ ಬೇಗ ಎತ್ತಬ್ಯಾಡ್ರಿ ಅಂತ ಹೇಳು.”

“ಯಾಕ್ ತಾತ?”

“ಅದರಾಗೆ ಹುಲ್ಲು ಚೆನ್ನಾಗಿ ಬರೆದವ್ರೆ. ಸೊಂಟದ ಮಟ್ಟ ಐತೆ. ಒಂಚೂರು ಹೊತ್ತು ನೋಡ್ಬೇಕು.”

ಮೇಷ್ಟ್ರಿಗೆ ಹೇಳಿದೆ. ಅವರು ಯಾಕೆಂದು ಕೇಳಲಿಲ್ಲ. ಬೇಟೆಯ ದೃಶ್ಯಕ್ಕೆ ಇನ್ನೊಂದು ಹಾಡು ಸೇರಿಸಿದರು.